ಎತ್ತಿಗೆ ಕಣ್ಣಿತ್ತು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಯಾವ ಊರಿನ ಕಟ್ಟೆಯ ಮೇಲೆ ಕುಳಿತರೂ ಒಂದು ಮಾತು ಕಿವಿಗೆ ಬೀಳುತ್ತದೆ: “ಟ್ರ್ಯಾಕ್ಟರ್ ಹೊಡದಾಂವಗ ಕಾರೇನ್ ದೊಡ್ಡದು?” ಮಗನನ್ನು ಡ್ರೈವಿಂಗ್ ಸ್ಕೂಲಿಗೆ ಹಾಕಬೇಕೋ ಬೇಡವೋ ಎಂಬ ಮಾತು ಮನೆಯಲ್ಲಿ ಬಂದಾಗ ಇದು ಬರುತ್ತದೆ. ಲರ್ನಿಂಗ್ ಲೈಸೆನ್ಸಿನ ಪರೀಕ್ಷೆಗೆ ಹುಡುಗ ಫಲಕಗಳ ಚಿತ್ರ ನೋಡುತ್ತ ಕುಳಿತಾಗಲೂ ಬರುತ್ತದೆ. ಇದರ ಹಿಂದಿರುವ ನಂಬಿಕೆಯನ್ನು ಬಿಡಿಸಿ ಹೇಳುವುದಾದರೆ: ಗಾಡಿ ಹೊಡೆಯುವುದು ಕೈಕಾಲಿನ ವಿದ್ಯೆ, ಹೊಡೆಯುತ್ತ ಹೊಡೆಯುತ್ತ ತಾನಾಗಿ ಬರುತ್ತದೆ, ಸ್ಟೇರಿಂಗ್ ಹಿಡಿಯುವ ಮೊದಲು ತಿಳಿದುಕೊಳ್ಳಬೇಕಾದ್ದು ಅಂಥದ್ದೇನೂ ಇಲ್ಲ, ಓದು, ನಿಯಮ, ಪರೀಕ್ಷೆ ಎಲ್ಲವೂ ಆರ್‌ಟಿಓ ಕಚೇರಿಯ ಬಾಗಿಲು ದಾಟುವುದಕ್ಕೆ ಮಾತ್ರ. ಈ ನಂಬಿಕೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಕಲೆಸಿಹೋಗಿವೆ ಎಂದು ನನಗನ್ನಿಸುತ್ತದೆ. 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅಂಥ ರಸ್ತೆಗೆ ಇಳಿಯುವ ಮೊದಲು ಈ ಕಲಬೆರಕೆಯನ್ನು ಬಿಡಿಸಿ ನೋಡುವುದು ಅಗತ್ಯ.

ಮೊದಲು ಆ ನಂಬಿಕೆಗೆ ಸಲ್ಲಬೇಕಾದ ನ್ಯಾಯ ಸಲ್ಲಲಿ. ಕ್ಲಚ್ಚನ್ನು ಎಷ್ಟು ಬಿಟ್ಟರೆ ಗಾಡಿ ಕದಲುತ್ತದೆ ಎಂಬುದು ಪುಸ್ತಕದಿಂದ ಬರುವುದಿಲ್ಲ, ಪಾದಕ್ಕೇ ತಿಳಿಯಬೇಕು. ಹೊಲ ಖಾಲಿ ಜಾಗ. ತಪ್ಪಿದರೆ ಬದುವಿಗೆ ತಾಗೀತು, ಬೇರೆಯವರಿಗೆ ಪೆಟ್ಟಾಗುವ ಸಂಭವ ಕಡಿಮೆ. ಕಬ್ಬಿನ ಎರಡು ಟ್ರೇಲರ್ ಕಟ್ಟಿಕೊಂಡು ಕಾರ್ಖಾನೆಯ ಅಂಗಳದಲ್ಲಿ ಹಿಂದಕ್ಕೆ ತಿರುಗಿಸುವ ಹುಡುಗನ ಕೈಚಳಕವನ್ನು ಯಾವ ಡ್ರೈವಿಂಗ್ ಸ್ಕೂಲೂ ಕಲಿಸಲಾರದು. ಇನ್ನೊಂದು ಕಡೆ, ದಿನಗೂಲಿಯವನಿಗೆ, ಬನಹಟ್ಟಿಯ ಮಗ್ಗದ ಮುಂದೆ ದುಡಿಯುವವನಿಗೆ, ಮೂರು ವಾರ ದಿನಾ ಒಂದು ಹೊತ್ತು ಬಿಡುವು ಮಾಡಿಕೊಳ್ಳುವುದೆಂದರೆ ಸಂಪಾದನೆ ಬಿಟ್ಟಂತೆಯೇ. ಪುಸ್ತಕದ ನಿಯಮಗಳಿಗೂ ಕಣ್ಣೆದುರಿನ ರಸ್ತೆಗೂ ಸಂಬಂಧ ಕಾಣದಿರುವುದೂ ನಿಜ. ಲರ್ನಿಂಗ್ ಲೈಸೆನ್ಸಿನ ಪರೀಕ್ಷೆಯಲ್ಲಿ ಕಾವಲಿಲ್ಲದ ರೈಲ್ವೆ ಗೇಟನ್ನು ದಾಟುವುದು ಹೇಗೆಂದು ಕೇಳಬೇಕೆಂದು ನಿಯಮವೇ ಇದೆ. ಬಾಗಲಕೋಟೆ-ಕುಡಚಿ ರೈಲಿಗಾಗಿ ತಲೆಮಾರುಗಟ್ಟಲೆ ಕಾಯುತ್ತಿರುವ ಸೀಮೆಯ ಹುಡುಗ ಅದಕ್ಕೆ ಉತ್ತರ ಬಾಯಿಪಾಠ ಮಾಡುತ್ತಾನೆ. ದೀಪವಿಲ್ಲದ ಕಬ್ಬಿನ ಟ್ರೇಲರಿನ ಬಗ್ಗೆ ಆ ನಿಯಮದಲ್ಲಿ ಒಂದು ಮಾತೂ ಇಲ್ಲ. ಹೀಗಿರುವಾಗ ಓದು ಬರೀ ಔಪಚಾರಿಕ ಎಂದು ಯಾರಿಗಾದರೂ ಅನ್ನಿಸಿದರೆ ಅವರನ್ನು ದಡ್ಡರೆನ್ನಲಾಗದು.

ಆದರೆ ಈ ನಂಬಿಕೆ ಹುಟ್ಟಿದ್ದು ಎಲ್ಲಿ? ನಮ್ಮ ಭಾಷೆಯಲ್ಲೇ ಅದರ ಸುಳಿವಿದೆ. ಕಚೇರಿಯ ಕನ್ನಡದಲ್ಲಿ ವಾಹನ ‘ಚಲಾಯಿಸುತ್ತಾರೆ’, ಬೆಂಗಳೂರಿನ ಕಡೆ ‘ಓಡಿಸುತ್ತಾರೆ’, ನಾವು ಮಾತ್ರ ‘ಹೊಡೆಯುತ್ತೇವೆ’. ಕಾರು, ಬಸ್ಸು, ಬೈಕು ಎಲ್ಲವನ್ನೂ ಹೊಡೆಯುವುದೇ. ಇದು ಚಕ್ಕಡಿಯಿಂದ ಬಂದ ಮಾತು. ಚಕ್ಕಡಿಯಲ್ಲಿ ಕೂತವನ ಕೆಲಸ ನಿಜಕ್ಕೂ ಕೈಯ ಕೆಲಸವಾಗಿತ್ತು: ಹಗ್ಗ ಜಗ್ಗುವುದು, ಬಾರುಕೋಲು ಆಡಿಸುವುದು, ಇಳಿಜಾರಿನಲ್ಲಿ ತಡೆಯುವುದು. ದಾರಿ ನೋಡುವ ಕೆಲಸದ ಬಹುಪಾಲನ್ನು ಎತ್ತುಗಳೇ ಮಾಡುತ್ತಿದ್ದವು. ತೆಗ್ಗು ಕಂಡರೆ ಅವು ಸರಿಯುತ್ತಿದ್ದವು, ಅಡ್ಡ ಯಾರಾದರೂ ಮಲಗಿದ್ದರೆ ನಿಲ್ಲುತ್ತಿದ್ದವು. ಸಂತೆಯಿಂದ ಬರುವಾಗ ಯಜಮಾನ ನಿದ್ದೆಹೋದರೂ ಮನೆಯ ಬಾಗಿಲಿಗೇ ತಂದು ಬಿಡುತ್ತಿದ್ದವು. ಎತ್ತಿಗೆ ಕಣ್ಣಿತ್ತು. ಅದಕ್ಕೂ ಜೀವಭಯವಿತ್ತು. ಹಾಗಾಗಿ ಗಾಡಿ ಹೊಡೆಯುವುದೆಂದರೆ ಕೈಯ ವಿದ್ಯೆ ಎಂಬುದು ಆ ಕಾಲಕ್ಕೆ ಬಹುಮಟ್ಟಿಗೆ ಸರಿಯಾದ ಮಾತೇ. ಎತ್ತಿನ ಜಾಗಕ್ಕೆ ಎಂಜಿನ್ ಬಂದಾಗ ನಾವು ಬಲದ ಲೆಕ್ಕವನ್ನು ಮಾತ್ರ ಹಾಕಿದೆವು, ಇಷ್ಟು ಎಚ್‌ಪಿ, ಅಷ್ಟು ಎಚ್‌ಪಿ ಎಂದು. ಎರಡು ಜೋಡಿ ಕಣ್ಣು ಗಾಡಿಯಿಂದ ಇಳಿದುಹೋದವೆಂಬುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮಾತು ಹಳೆಯದೇ ಉಳಿಯಿತು, ಅದರ ಜೊತೆ ನಂಬಿಕೆಯೂ.

ಈಗ ಕಲೆಸಿಹೋದ ಎರಡನ್ನು ಬೇರೆ ಮಾಡೋಣ. ಒಂದು, ಯಂತ್ರವನ್ನು ಹಿಡಿತದಲ್ಲಿಟ್ಟುಕೊಳ್ಳುವುದು: ಕ್ಲಚ್ಚು, ಗೇರು, ಬ್ರೇಕು, ಸ್ಟೇರಿಂಗು. ಇನ್ನೊಂದು, ರಸ್ತೆಯನ್ನು ಓದುವುದು: ಮುಂದೆ ಏನಾಗಬಹುದು, ಯಾರು ಎಲ್ಲಿಂದ ನುಗ್ಗಬಹುದು, ಈ ವೇಗದಲ್ಲಿ ನಾನು ಎಲ್ಲಿ ನಿಲ್ಲಬಲ್ಲೆ ಎಂದು ಪ್ರತಿ ಕ್ಷಣ ಅಂದಾಜು ಮಾಡುತ್ತಿರುವುದು. ಮೊದಲನೆಯದು ಕೈಕಾಲಿನದು, ಎರಡನೆಯದು ಕಣ್ಣಿನದು ಮತ್ತು ತಿಳಿವಿನದು. ಇವು ಬೇರೆ ಬೇರೆ ಎಂಬುದು ಬರೀ ತರ್ಕವಲ್ಲ. ಅಮೆರಿಕದಲ್ಲಿ ಮೌರಂಟ್ ಮತ್ತು ರಾಕ್‌ವೆಲ್ ಎಂಬ ಇಬ್ಬರು ಸಂಶೋಧಕರು ಚಾಲಕರ ಕಣ್ಣಿನ ಚಲನೆಯನ್ನು ದಾಖಲಿಸಿ 1972ರಲ್ಲಿ ಪ್ರಕಟಿಸಿದರು. ಹೊಸಬರು ಗಾಡಿಯ ಮೂತಿಯ ಹತ್ತಿರದ ರಸ್ತೆಯನ್ನೇ ನೋಡುತ್ತಿದ್ದರು, ಕನ್ನಡಿಯ ಕಡೆ ಅವರ ಕಣ್ಣು ಹೋಗುತ್ತಿದ್ದದ್ದು ಕಡಿಮೆ. ಪಳಗಿದವರ ನೋಟ ದೂರಕ್ಕೂ ಅಗಲಕ್ಕೂ ಹರಡುತ್ತಿತ್ತು. ಬ್ರಿಟನ್ 2002ರ ನವೆಂಬರಿನಿಂದ, ರಸ್ತೆಯ ಮೇಲಿನ ಚಾಲನಾ ಪರೀಕ್ಷೆಗೆ ಬಿಡುವ ಮೊದಲೇ, ವಿಡಿಯೊ ತೋರಿಸಿ ಅಪಾಯ ಎಲ್ಲಿ ಹುಟ್ಟುತ್ತಿದೆ ಎಂದು ಗುರುತಿಸುವ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಅದಕ್ಕೆ ಸ್ಟೇರಿಂಗೂ ಬೇಡ, ಕ್ಲಚ್ಚೂ ಬೇಡ. ಕಣ್ಣಿನ ವಿದ್ಯೆಯನ್ನು ಪ್ರತ್ಯೇಕವಾಗಿ ಕಲಿಯಬಹುದು, ಅಳೆಯಲೂಬಹುದು ಎಂಬುದಕ್ಕೆ ಇದೇ ಸಾಕ್ಷಿ.

ಹೊಲದಲ್ಲಿ ಟ್ರ್ಯಾಕ್ಟರ್ ಹೊಡೆದದ್ದು ಈ ಎರಡನೆಯ ವಿದ್ಯೆಗೆ ಏನು ಕೊಡುತ್ತದೆ? ಕೊಡದಿರುವುದಷ್ಟೇ ಅಲ್ಲ, ಕೆಲವು ವಿಷಯಗಳಲ್ಲಿ ಉಲ್ಟಾ ರೂಢಿಯನ್ನೇ ಬೆಳೆಸುತ್ತದೆ.

1. ಉಳುವವನ ಕಣ್ಣು ಮುಂಗಾಲಿಯ ಸಾಲಿನ ಮೇಲಿರುತ್ತದೆ, ಇಲ್ಲವೆ ಹಿಂದಿನ ನೇಗಿಲ ಮೇಲೆ. ಅಲ್ಲಿ ಅದೇ ಸರಿ, ಸಾಲು ಸೊಟ್ಟಾಗಬಾರದು. ಅದೇ ನೋಟವನ್ನು ರಸ್ತೆಗೆ ತಂದರೆ ಅದು ಆ ಸಂಶೋಧನೆಯ ಹೊಸಬರ ನೋಟವೇ ಆಗುತ್ತದೆ. ವರ್ಷಗಟ್ಟಲೆ ರೂಢಿಯಾಗಿ ಗಟ್ಟಿಯಾದದ್ದು ಎಂಬುದೇ ವ್ಯತ್ಯಾಸ.

2. ಟ್ರ್ಯಾಕ್ಟರಿನ ಗದ್ದಲ ಗಂಟೆಗೆ 25 ಕಿಲೋಮೀಟರಿಗೇ ಭಾರಿ ವೇಗದ ಭ್ರಮೆ ಹುಟ್ಟಿಸುತ್ತದೆ. ಮೈ ಕುಲುಕುವುದರಿಂದ, ಸದ್ದಿನಿಂದ ವೇಗ ಅಳೆದು ರೂಢಿಯಾದವನಿಗೆ ಗಾಜು ಏರಿಸಿದ ಕಾರಿನಲ್ಲಿ 80 ಕೂಡ ನಿಧಾನ ಅನ್ನಿಸುತ್ತದೆ.

3. ಟ್ರ್ಯಾಕ್ಟರಿನ ಬಲಗಾಲ ಕೆಳಗೆ ಎರಡು ಬ್ರೇಕ್ ಪೆಡಲ್‌ಗಳಿರುತ್ತವೆ, ಎಡದ್ದು ಎಡ ಹಿಂಗಾಲಿಗೆ, ಬಲದ್ದು ಬಲ ಹಿಂಗಾಲಿಗೆ. ಸಾಲು ಮುಗಿದಲ್ಲಿ ಒಂದನ್ನೇ ತುಳಿದರೆ ಆ ಗಾಲಿ ಹಿಡಿದು, ಟ್ರ್ಯಾಕ್ಟರ್ ನಿಂತ ಜಾಗದಲ್ಲೇ ತಿರುಗುತ್ತದೆ. ಎರಡೂ ಪೆಡಲ್‌ಗಳ ನಡುವೆ ಬೆರಳುದ್ದದ ಒಂದು ಕಬ್ಬಿಣದ ಕೊಂಡಿ ಇದೆ. ರಸ್ತೆಗೆ ಹತ್ತುವ ಮುನ್ನ ಅದನ್ನು ಹಾಕಿ ಎರಡನ್ನೂ ಒಂದಾಗಿಸಬೇಕು. ಹಾಕದೆ ವೇಗದಲ್ಲಿ ಒಂದೇ ಪೆಡಲ್ ತುಳಿದರೆ ಟ್ರ್ಯಾಕ್ಟರ್ ಪಕ್ಕಕ್ಕೆ ಸೆಳೆದು ಮಗುಚಬಹುದು. ಮಣ್ಣು ಮೆತ್ತಿ, ತುಕ್ಕು ಹಿಡಿದು, ವರ್ಷಗಳಿಂದ ಮುಟ್ಟದೆ ಜೋತುಬಿದ್ದಿರುವ ಆ ಕೊಂಡಿಯನ್ನು ನಾನು ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಕಂಡಿದ್ದೇನೆ.

ಆ ಕೊಂಡಿಯ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಯಂತ್ರ ಮಾಡಿದವನೇ ಹೊಲ ಬೇರೆ, ರಸ್ತೆ ಬೇರೆ ಎಂದು ಅಲ್ಲಿ ಹೇಳಿಟ್ಟಿದ್ದಾನೆ. ಕಾನೂನೂ ಅದನ್ನೇ ಹೇಳುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 3ನೇ ಕಲಮು ಲೈಸೆನ್ಸ್ ಬೇಕೆನ್ನುವುದು ‘ಸಾರ್ವಜನಿಕ ಸ್ಥಳ’ದಲ್ಲಿ ವಾಹನ ನಡೆಸಲು. ನಿಮ್ಮ ಹೊಲದೊಳಗೆ ನಿಮ್ಮ ಮಗ ಟ್ರ್ಯಾಕ್ಟರ್ ಹೊಡೆದರೆ ಆ ಕಲಮು ಅವನನ್ನು ಕೇಳುವುದಿಲ್ಲ. ಬದು ದಾಟಿ ರಸ್ತೆಗೆ ಗಾಲಿ ಇಟ್ಟ ಕ್ಷಣ ಕೇಳುತ್ತದೆ. ಹೀಗೆ ಯಂತ್ರವೂ ಕಾಯ್ದೆಯೂ ಗೆರೆ ಎಳೆದಿರುವುದು ಒಂದೇ ಜಾಗದಲ್ಲಿ, ಬದುವಿನ ಮೇಲೆ. ಆ ಗೆರೆಯನ್ನು ಕಾಣದಿರುವುದು ನಮ್ಮ ಕಟ್ಟೆಯ ಮಾತು ಮಾತ್ರ.

ಕಣ್ಣಿನ ವಿದ್ಯೆ ಎಂದರೆ ಏನೋ ಸೂಕ್ಷ್ಮ ಸಂಗತಿ ಎಂದುಕೊಳ್ಳಬೇಕಿಲ್ಲ. ಅದರಲ್ಲಿ ಬಹುಪಾಲು ಲೆಕ್ಕ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಸುಮಾರು ಒಂದೂವರೆ ಸೆಕೆಂಡು ಕಳೆಯುತ್ತದೆ. 40ರ ವೇಗದಲ್ಲಿ ಅಷ್ಟರಲ್ಲೇ ಗಾಡಿ 17 ಮೀಟರ್ ಹೋಗಿರುತ್ತದೆ, ಬ್ರೇಕು ಹಿಡಿದ ಮೇಲೆ ಇನ್ನೊಂದು 10. ಒಟ್ಟು 27 ಮೀಟರ್. 80ರಲ್ಲಿ ಯೋಚನೆಗೆ 33, ಬ್ರೇಕಿಗೆ 41; ಒಟ್ಟು ಸುಮಾರು 75. ಒಣ ರಸ್ತೆ, ಒಳ್ಳೆಯ ಟಾಯರು ಇದ್ದರೆ ಮಾತ್ರ ಇದು. ವೇಗ ಇಮ್ಮಡಿಯಾದರೆ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತದೆ, ಈ ಸಂಗತಿ ಹೊಲದಲ್ಲಿ ಎಂದೂ ಅನುಭವಕ್ಕೆ ಬರುವುದಿಲ್ಲ. ಈಗ ಕಬ್ಬಿನ ಹಂಗಾಮಿನ ಒಂದು ರಾತ್ರಿಯನ್ನು ನೆನೆಯಿರಿ. ಸಮೀರವಾಡಿ, ಹಿರೇಪಡಸಲಗಿ, ಸಿದ್ದಾಪುರ, ಬಾಡಗಂಡಿ, ಎಲ್ಲ ಕಾರ್ಖಾನೆಗಳ ದಾರಿಯಲ್ಲೂ ಸಾಲುಗಟ್ಟಿದ ಟ್ರ್ಯಾಕ್ಟರುಗಳು. ಯಾವುದೋ ಒಂದರ ಟ್ರೇಲರ್ ಪಂಕ್ಚರಾಗಿ ರಸ್ತೆಯ ಮೇಲೇ ನಿಂತಿದೆ. ಗಾಲಿಯ ಹಿಂದೆ ಎರಡು ಕಲ್ಲು, ಮೇಲೊಂದು ಗಿಡದ ಟೊಂಗೆ. ರಿಫ್ಲೆಕ್ಟರ್ ಇಲ್ಲ, ಇದ್ದರೂ ಹಿಂದೆ ಚಾಚಿದ ಕಬ್ಬಿನ ಗಳಗಳು ಅದನ್ನು ಮುಚ್ಚಿವೆ. ಒಣಗಿದ ರವುದಿಯ ಬಣ್ಣಕ್ಕೂ ರಾತ್ರಿಯ ರಸ್ತೆಬದಿಯ ಮಣ್ಣಿನ ಬಣ್ಣಕ್ಕೂ ಫರಕು ತಿಳಿಯುವುದಿಲ್ಲ. ಎದುರಿನಿಂದ ಬರುವವನ ಬೆಳಕಿಗೆ ಕಣ್ಣು ಕುಕ್ಕುತ್ತಿದೆ, ನೀವು ಡಿಪ್ ಮಾಡಿದ್ದೀರಿ. ಡಿಪ್ಪಿನ ಬೆಳಕಿನಲ್ಲಿ ಇಂಥ ಮಸುಕು ವಸ್ತು 50 ಮೀಟರಿನಾಚೆ ಕಂಡೀತೆಂದು ನೆಚ್ಚಲಾಗದು. 80ರಲ್ಲಿದ್ದರೆ ನಿಮಗೆ ನಿಲ್ಲಲು ಬೇಕಾದದ್ದು 75. ಕೈಕಾಲು ಎಷ್ಟೇ ಚುರುಕಾಗಿರಲಿ, ಉಳಿದ 25 ಮೀಟರನ್ನು ಅವು ತಂದುಕೊಡಲಾರವು. ಆ 25 ಮೀಟರ್ ಉಳಿಯುವುದು ಮೊದಲೇ ನಿಧಾನಿಸಿದ್ದರೆ ಮಾತ್ರ. ಏನೂ ಕಾಣದಿದ್ದಾಗಲೂ ನಿಧಾನಿಸಬೇಕೆಂಬುದು ಕಾಲಿಗೆ ಗೊತ್ತಾಗುವ ವಿಷಯವಲ್ಲ, ತಿಳಿದಿರಬೇಕಾದ ವಿಷಯ.

ಹಗಲಿನ ಲೆಕ್ಕವೂ ಒಂದಿರಲಿ. 20ರಲ್ಲಿ ಹೋಗುತ್ತಿರುವ ಎರಡು ಟ್ರೇಲರಿನ ಟ್ರ್ಯಾಕ್ಟರನ್ನು 50ರಲ್ಲಿ ಹಿಂದೆ ಹಾಕಲು, ಅದರ ಉದ್ದ, ಹಿಂದೆ ಮುಂದೆ ಬಿಡಬೇಕಾದ ಜಾಗ ಸೇರಿ, ಸುಮಾರು ಆರು ಸೆಕೆಂಡು ಬೇಕು. ಆ ಆರು ಸೆಕೆಂಡಿನಲ್ಲಿ ನೀವು 83 ಮೀಟರ್ ಹೋಗಿರುತ್ತೀರಿ, ಎದುರಿನಿಂದ 60ರಲ್ಲಿ ಬರುವ ಬಸ್ಸು 100 ಮೀಟರ್ ಬಂದಿರುತ್ತದೆ. ಅಂದರೆ ಮುಂದೆ ಕನಿಷ್ಠ 183 ಮೀಟರ್ ಖಾಲಿ ಕಾಣಬೇಕು, ಸುಮಾರು ಒಂಬತ್ತು ಕ್ರಿಕೆಟ್ ಪಿಚ್ಚುಗಳ ಉದ್ದ. ಕಬ್ಬು ಎರಡೂ ಬದಿಗೆ ಚಾಚಿರುವಾಗ ಅಷ್ಟು ದೂರ ಕಾಣಲು ಟ್ರೇಲರಿಗೆ ಅಂಟಿಕೊಳ್ಳದೆ ಹಿಂದೆ ಉಳಿಯಬೇಕು. ಹತ್ತಿರ ಹೋದಷ್ಟೂ ಕಾಣುವುದು ಕಡಿಮೆಯಾಗುತ್ತದೆ. ಹೊಸಬರು ಮಾಡುವುದು ಇದಕ್ಕೆ ತದ್ವಿರುದ್ಧ.

ಇಲ್ಲೊಂದು ಗಟ್ಟಿ ಆಕ್ಷೇಪವಿದೆ. ಹೊಸಬನ ಗಮನವೆಲ್ಲ ಕ್ಲಚ್ಚು-ಗೇರಿನಲ್ಲೇ ಮುಗಿದುಹೋಗುತ್ತದೆ, ರಸ್ತೆ ನೋಡಲು ಅವನಿಗೆ ಪುರಸೊತ್ತೆಲ್ಲಿ? ಹಾಗಾದರೆ ಹೊಲದಲ್ಲಿ ಮೊದಲು ಕೈಕಾಲು ಪಳಗಿಸಿ, ಗಮನ ಬಿಡುವಾದ ಮೇಲೆ ರಸ್ತೆಗೆ ತರುವುದೇ ಜಾಣತನವಲ್ಲವೆ? ಈ ಆಕ್ಷೇಪದ ಮೊದಲರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ಹೊಲದಲ್ಲಿ ಕ್ಲಚ್ಚು ಕಲಿತವನಿಗೆ ಅಷ್ಟರಮಟ್ಟಿಗೆ ಲಾಭವೇ. ಆದರೆ ಬಿಡುವಾದ ಗಮನ ತಾನಾಗಿ ರಸ್ತೆಯ ಕಡೆ ಹೋಗುತ್ತದೆಂದು ಹೇಳಿದವರಾರು? ಎಲ್ಲಿ ನೋಡಬೇಕೆಂದು ಗೊತ್ತಿಲ್ಲದ ಗಮನ ಸ್ಪೀಕರಿನ ಹಾಡಿಗೆ ಹೋಗುತ್ತದೆ, ಮೊಬೈಲಿಗೆ ಹೋಗುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ವೇಗಕ್ಕೆ ಹೋಗುತ್ತದೆ. ಕೈ ಪಳಗಿದರೆ ಧೈರ್ಯ ಬೆಳೆಯುತ್ತದೆ, ಧೈರ್ಯ ಬೆಳೆದಷ್ಟು ತಿಳಿವು ಬೆಳೆದಿರುವುದಿಲ್ಲ. ನಾರ್ವೆ ದೇಶದಲ್ಲಿ 1979ರಿಂದ ಹೊಸ ಚಾಲಕರಿಗೆ ಜಾರಿದ ಗಾಡಿಯನ್ನು ಹತೋಟಿಗೆ ತರುವ ತರಬೇತಿ ಕೊಟ್ಟರು. ಜಾರುವ ರಸ್ತೆಯಲ್ಲಿ ತರುಣರ ಅಪಘಾತಗಳು ಇಳಿಯಬಹುದೆಂದು ಎಲ್ಲರೂ ಕಾಯುತ್ತಿದ್ದಾಗ ಅವು ಏರಿದವು. ಜಾರಿದರೆ ಸಂಭಾಳಿಸಬಲ್ಲೆ ಎಂಬ ನಂಬಿಕೆ ಬಂದವನು ಜಾರುವಷ್ಟು ವೇಗದಲ್ಲಿ ಹೋಗತೊಡಗಿದ್ದನೆಂದು ಕಾಣುತ್ತದೆ. ಟ್ರ್ಯಾಕ್ಟರಿನಲ್ಲಿ ಪಳಗಿದ ನಮ್ಮ ಹುಡುಗನ ವಿಷಯದಲ್ಲಿ ನನಗಿರುವ ಅಂಜಿಕೆ ಇದೇ. ಕಣ್ಣಿನ ವಿದ್ಯೆ ಮೊದಲು ಬಂದಿದ್ದರೆ ಕೈಯ ಚಳಕ ಅದಕ್ಕೆ ಅಡಿಯಾಳಾಗಿ ಬರುತ್ತದೆ, ಕಣ್ಣಿನದು ಆಮೇಲೆ ಬರಲಿ ಎಂದು ಬಿಟ್ಟರೆ, ಬರುವುದು ಒಂದು ಅಪಘಾತದ ನಂತರ.

“ನೀರಿಗಿಳಿಯದೆ ಈಜು ಬರ್ತದೇನು?” ಎನ್ನುವವರಿದ್ದಾರೆ. ಬರುವುದಿಲ್ಲ, ನಿಜ. ಆದರೆ ನಮ್ಮಲ್ಲಿ ಈಜು ಕಲಿಸುವ ಕ್ರಮವನ್ನೇ ನೋಡಿ. ಬಾವಿಗೆ ಇಳಿಸುವ ಮೊದಲು ಸೊಂಟಕ್ಕೆ ಬೆಂಡೋ ಡಬ್ಬಿಯೋ ಕಟ್ಟುತ್ತಾರೆ, ಹಗ್ಗ ಹಿಡಿದು ಒಬ್ಬರು ಮೇಲೆ ನಿಲ್ಲುತ್ತಾರೆ, ಯಾವ ಮೂಲೆಯಲ್ಲಿ ಆಳ ಎಂದು ಹೇಳಿಕೊಡುತ್ತಾರೆ. ಅಲ್ಲಿ ಮುಳುಗಿದರೆ ಕಲಿಯುವವನೇ ಮುಳುಗುತ್ತಾನೆ. ರಬಕವಿಯ ಓಣಿಯಲ್ಲಿ ಸೀರೆಯ ಗಂಟು ಹೊತ್ತು ಹೋಗುವ ಅಜ್ಜನ ಮೇಲೆ ನಿಮ್ಮ ಮಗ ಗಾಡಿ ಕಲಿಯುತ್ತಿದ್ದಾನೆ ಎಂದರೆ ಮುಳುಗುವುದು ಇನ್ನೊಬ್ಬರು. ಹೋಲಿಕೆ ಮುರಿಯುವುದು ಅಲ್ಲಿ.

ಇನ್ನು, ನಮ್ಮ ರಸ್ತೆಯಲ್ಲಿ ನಿಯಮ ಯಾರು ಪಾಲಿಸುತ್ತಾರೆ, ತಿಳಿದುಕೊಂಡು ಏನುಪಯೋಗ ಎಂಬ ಪ್ರಶ್ನೆ. ಇದರಲ್ಲಿ ಸುಸ್ತಾದ ಮನುಷ್ಯರ ದನಿ ಇದೆ, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಆದರೂ ತರ್ಕ ನಿಲ್ಲುವುದಿಲ್ಲ. ಮೇಲೆ ಹಾಕಿದ ಲೆಕ್ಕ ಕಾಯ್ದೆಯದಲ್ಲ, ಗಾಲಿ ಮತ್ತು ರಸ್ತೆಯದು. ಅದನ್ನು ಯಾರೂ ಮುರಿಯಲಾಗದು. ಉಳಿದ ನಿಯಮಗಳನ್ನು ಎಲ್ಲರೂ ಪಾಲಿಸುವ ಊರಿನಲ್ಲಿ ಚಾಲಕನಿಗೆ ಅರ್ಧ ತಿಳಿವು ಸಾಕಾದೀತು. ಯಾರೂ ಪಾಲಿಸದ ಕಡೆ, ಬೇರೆಯವರು ಎಲ್ಲಿ ತಪ್ಪುತ್ತಾರೆಂದು ಮೊದಲೇ ಊಹಿಸಲು ಇಡೀ ನಿಯಮ ಗೊತ್ತಿರಬೇಕು.

ಕಾಯ್ದೆಯ ಎರಡು ಸಂಗತಿಗಳನ್ನು ಮನೆಯ ಹಿರಿಯರೂ ತಿಳಿದಿರಬೇಕು. ಲರ್ನಿಂಗ್ ಲೈಸೆನ್ಸ್ ಎಂದರೆ ಒಬ್ಬನೇ ಗಾಡಿ ತೆಗೆದುಕೊಂಡು ಹೋಗುವ ಪರವಾನಗಿಯಲ್ಲ. ಪಕ್ಕದಲ್ಲಿ, ಗಾಡಿ ನಿಲ್ಲಿಸಬಲ್ಲ ಜಾಗದಲ್ಲಿ, ಲೈಸೆನ್ಸ್ ಇದ್ದವರು ಕುಳಿತಿರಬೇಕು. ಹಿಂದೆ ಮುಂದೆ ಬಿಳಿಯ ಮೇಲೆ ಕೆಂಪು ‘ಎಲ್’ ಇರಬೇಕು. ಕನಿಷ್ಠ 30 ದಿನ ಕಳೆಯದೆ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗುವಂತಿಲ್ಲ. ಎರಡನೆಯದು ಕಠಿಣವಾದದ್ದು. ಲೈಸೆನ್ಸಿನ ವಯಸ್ಸಾಗದ ಹುಡುಗನ ಕೈಗೆ ಗಾಡಿ ಕೊಟ್ಟು ಅವನಿಂದ ಅಪರಾಧವಾದರೆ, 2019ರ ತಿದ್ದುಪಡಿಯ ಪ್ರಕಾರ ಪಾಲಕರು ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸಿಲ್ಲ. ಹದಿನೈದರ ಮಗ ಕಬ್ಬಿನ ಟ್ರ್ಯಾಕ್ಟರನ್ನು ಕಾರ್ಖಾನೆಗೆ ಮುಟ್ಟಿಸಿ ಬಂದನೆಂದು ಹೆಮ್ಮೆಪಡುವ ತಂದೆ ಪಣಕ್ಕಿಟ್ಟದ್ದು ಏನೆಂದು ಅವನಿಗೆ ಗೊತ್ತಿರಬೇಕು.

ಹಾಗಾದರೆ ಮೊದಲ ದಿನದ ಪಾಠಕ್ಕೆ ಮುನ್ನ ಮಾಡಬೇಕಾದ್ದೇನು? ಜಮಖಂಡಿಯಿಂದ ಮುಧೋಳಕ್ಕೋ ಬೀಳಗಿಗೋ ಹೋಗುವ ಬಸ್ಸಿನ ಮುಂದಿನ ಸೀಟು ಹಿಡಿದು ಕೂತು, ಡ್ರೈವರಿನ ಕಣ್ಣಿನ ಬದಲು ನಿಮ್ಮ ಕಣ್ಣಿಗೆ ಕೆಲಸ ಕೊಡಿ. ಎದುರಿನ ರಸ್ತೆಯಲ್ಲಿ ಕಾಣುವ ಪ್ರತಿಯೊಂದು ಅಪಾಯವನ್ನು ಮನಸ್ಸಿನಲ್ಲೇ ಹೆಸರಿಸುತ್ತ ಹೋಗಿ: ಹೊಲದ ದಾರಿಯಿಂದ ಏಳುತ್ತಿರುವ ಧೂಳು, ಅಂದರೆ ಟ್ರ್ಯಾಕ್ಟರ್ ಬರುತ್ತಿದೆ, ರಸ್ತೆಯ ಒಂದು ಬದಿ ಕುರಿಮರಿ, ಅಂದರೆ ತಾಯಿ ಕುರಿ ಇನ್ನೊಂದು ಬದಿ, ನಿಂತ ಬಸ್ಸಿನ ಕೆಳಗೆ ಕಾಣುವ ಕಾಲುಗಳು, ಅಂದರೆ ಯಾರೋ ಅದರ ಮುಂದಿನಿಂದ ದಾಟಲಿದ್ದಾರೆ. ಮುಂದಿನ ಗಾಡಿ ಒಂದು ಲೈಟಿನ ಕಂಬ ದಾಟಿದ ಮೇಲೆ ನಿಮ್ಮ ಬಸ್ಸು ಅದನ್ನು ದಾಟಲು ಎಷ್ಟು ಸೆಕೆಂಡು ಎಂದು ಎಣಿಸಿ, ಎರಡಕ್ಕಿಂತ ಕಡಿಮೆ ಬಂದರೆ ಅಂತರ ಸಾಲದು. ನಾಲ್ಕೈದು ಬಾರಿ ಹೀಗೆ ಹೋಗಿಬಂದರೆ ರಸ್ತೆ ಬೇರೆಯೇ ಕಾಣತೊಡಗುತ್ತದೆ. ದುಡ್ಡಿಲ್ಲ, ಬಿಡುವಿಲ್ಲ ಎಂಬ ಆಕ್ಷೇಪಕ್ಕೂ ಇದರಲ್ಲಿ ಉತ್ತರವಿದೆ: ಹೇಗೂ ಮಾಡಬೇಕಾದ ಪ್ರಯಾಣವೇ ಪಾಠವಾಗುತ್ತದೆ. ಆಮೇಲೆ ಸ್ಕೂಲಿಗೆ ಸೇರುವಾಗ ಫೀಜಿನ ಜೊತೆ ಇನ್ನೊಂದು ಲೆಕ್ಕವನ್ನೂ ಕೇಳಿ. 1989ರ ಕೇಂದ್ರ ನಿಯಮಗಳ ಪ್ರಕಾರ ಕಾರಿನ ತರಬೇತಿ 21 ದಿನಕ್ಕೆ ಕಡಿಮೆ ಇರಕೂಡದು, ಸ್ಟೇರಿಂಗ್ ಹಿಡಿದ ಸಮಯ 10 ತಾಸಿಗೆ ಕಡಿಮೆ ಇರಕೂಡದು. ಅಂದರೆ ದಿನಕ್ಕೆ ಹತ್ತಿರಹತ್ತಿರ ಅರ್ಧ ತಾಸು. ದಿನಕ್ಕೆ ಕಾಲು ತಾಸು ಕೊಟ್ಟು 21 ದಿನ ಮುಗಿಸಿದರೆ ಕೈಗೆ ಬಂದದ್ದು ಐದು ತಾಸು ಚಿಲ್ಲರೆ.

ಈ ವಾದದಿಂದ ಹೊರಡುವ ಇನ್ನೊಂದು ಮಾತಿದೆ, ನನಗೆ ಅದು ಮುಖ್ಯ. ಈಗ ಈ ಊರುಗಳಲ್ಲಿ ಶಾಲೆಯ ಟೀಚರುಗಳು, ನರ್ಸುಗಳು, ಕಾಲೇಜಿನ ಹುಡುಗಿಯರು ಕಾರು ಕಲಿಯಲು ಮುಂದಾಗುತ್ತಿದ್ದಾರೆ. ಅವರಿಗೆ ಮನೆಯವರೇ ಹೇಳುವುದು: ನೀನು ಹುಟ್ಟಿದಾರಭ್ಯ ಒಂದು ಟ್ರ್ಯಾಕ್ಟರ್ ಮುಟ್ಟಿದವಳಲ್ಲ, ನಿನಗೆಲ್ಲಿ ಬಂದೀತು, ತಮ್ಮನನ್ನು ನೋಡು. ಕೈಕಾಲಿನ ವಿದ್ಯೆಯೇ ಎಲ್ಲವೂ ಆಗಿದ್ದರೆ ಆ ಮಾತು ಸರಿ, ಅವಳು ಹತ್ತು ವರ್ಷ ಹಿಂದೆ. ಆದರೆ ಇಷ್ಟು ವರ್ಷ ಅವಳು ಪಕ್ಕದ ಸೀಟಿನಲ್ಲಿ, ಬಸ್ಸಿನ ಕಿಟಕಿಯಲ್ಲಿ, ಸ್ಕೂಟರಿನ ಹಿಂದೆ ಕೂತು ರಸ್ತೆಯನ್ನು ನೋಡುತ್ತಲೇ ಬಂದಿದ್ದಾಳೆ, ತಮ್ಮ ನೋಡಿದ್ದು ಸಾಲನ್ನು. ಕ್ಲಚ್ಚು ಅವಳಿಗೆ ಹತ್ತು ದಿನ ತಡವಾಗಿ ಬರಬಹುದು. ಬಿಡಿಸಿಕೊಳ್ಳಬೇಕಾದ ರೂಢಿ ಮಾತ್ರ ಅವಳಿಗೆ ಒಂದೂ ಇಲ್ಲ.